ಎಣ್ಣೆ ನೀರಿಗೆ ಚಂದ್ರನ ಅಪ್ಪಣೆ

ಹುಣ್ಣಿಮೆಯ ರಾತ್ರಿ ಟಬ್ಬಿನ ತುಂಬ ಬಿಸಿನೀರು, ಮೇಲೆ ಗುಲಾಬಿ ಪಕಳೆ, ನಾಲ್ಕು ಹನಿ ಸುಗಂಧದ ಎಣ್ಣೆ, ಅಂಚಿನಲ್ಲಿ ಮೇಣದ ಬತ್ತಿ. ಚಂದ್ರನ ಜೊತೆ ತಾಳ ಹಾಕುವ ಸ್ನಾನವೆಂದು ಈಗ ಮೊಬೈಲಿನಲ್ಲಿ ಕಾಣುವುದು ಇದು. ನಮ್ಮ ಪಂಚಾಂಗಕ್ಕೆ ತೋರಿಸಿದರೆ ಅದು ಮೊದಲ ಸಾಲಿಗೇ ಅಡ್ಡಗೆರೆ ಎಳೆದೀತು. ಹುಣ್ಣಿಮೆ ಪರ್ವದಿನ, ಎಣ್ಣೆ ಮುಟ್ಟುವಂತಿಲ್ಲ. ಅಮಾವಾಸ್ಯೆಗೂ ಇಲ್ಲ, ಅಷ್ಟಮಿಗೂ ಇಲ್ಲ, ಚತುರ್ದಶಿಗೂ ಇಲ್ಲ, ಸಂಕ್ರಮಣಕ್ಕಂತೂ ಇಲ್ಲವೇ ಇಲ್ಲ. ವಿಷ್ಣುಪುರಾಣ ಕೊಟ್ಟ ಪಟ್ಟಿ ಇಷ್ಟು. ಅದರ ಮೇಲೆ ಏಕಾದಶಿ ಸೇರಿಸಿ. ಎಣ್ಣೆ ನೀರು ಹೆಂಗಸರಿಗೆ ಮಂಗಳವಾರ, ಶುಕ್ರವಾರ, ಗಂಡಸರಿಗೆ ಬುಧವಾರ, ಶನಿವಾರ ಮಾತ್ರ ಎನ್ನುವ ಮನೆಯಾದರೆ ವಾರದ ಲೆಕ್ಕವನ್ನೂ ಸೇರಿಸಿ. ತಿಂಗಳಿಗೆ ಉಳಿಯುವುದು ಬೆರಳೆಣಿಕೆಯ ದಿನ. ಉಳಿದವರ ಚಂದ್ರ ಬಚ್ಚಲಿಗೆ ಕರೆಯುತ್ತಾನೆ. ನಮ್ಮವನು ಬಾಗಿಲಲ್ಲಿ ನಿಂತು ‘ಇವತ್ತು ಬೇಡ’ ಅನ್ನುತ್ತಾನೆ.

ಹಾಗೆ ತಡೆಯುವವನು ವರ್ಷಕ್ಕೊಮ್ಮೆ ತಾನೇ ಬಂದು ಎಬ್ಬಿಸುತ್ತಾನೆ. ಅದೂ ನಿಷಿದ್ಧವಾದ ಚತುರ್ದಶಿಯಲ್ಲೇ. ಆಶ್ವಯುಜ ಬಹುಳ ಚತುರ್ದಶಿ, ನರಕ ಚತುರ್ದಶಿ. ಉಳಿದ ಚತುರ್ದಶಿಗಳಲ್ಲಿ ಎಣ್ಣೆ ಹಚ್ಚಿಕೊಂಡರೆ ನರಕ, ಈ ಒಂದರಲ್ಲಿ ಹಚ್ಚಿಕೊಳ್ಳದಿದ್ದರೆ ನರಕ. ಅಂದು ಎಣ್ಣೆಯಲ್ಲಿ ಲಕ್ಷ್ಮಿ, ನೀರಿನಲ್ಲಿ ಗಂಗೆ ಇರುತ್ತಾರೆ ಎಂಬುದು ಕೊಟ್ಟಿರುವ ಕಾರಣ. ಸಮಯವನ್ನೂ ಅವನೇ ಗೊತ್ತುಮಾಡಿದ್ದಾನೆ: ಚಂದ್ರೋದಯ.

ಅಮಾವಾಸ್ಯೆಯ ಹಿಂದಿನ ದಿನ ಎಲ್ಲಿಯ ಚಂದ್ರೋದಯ ಎಂದು ಕೇಳುವವರಿದ್ದಾರೆ. ಲೆಕ್ಕ ಸರಳ. ಸೂರ್ಯ ಚಂದ್ರರ ನಡುವಿನ ಅಂತರದ 12 ಡಿಗ್ರಿಗೆ ಒಂದು ತಿಥಿ. ಬಹುಳ ಚತುರ್ದಶಿಯಲ್ಲಿ ಚಂದ್ರ ಸೂರ್ಯನಿಗಿಂತ 24ರಿಂದ 12 ಡಿಗ್ರಿ ಮುಂಚೆ ಇರುತ್ತಾನೆ; ಅಂದರೆ ಸೂರ್ಯ ಹುಟ್ಟುವುದಕ್ಕೆ ಸುಮಾರು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಮೊದಲು ಪೂರ್ವದಲ್ಲಿ ಉಗುರಿನ ತುಣುಕಿನಂತೆ ಏಳುತ್ತಾನೆ. ಬೆಂಗಳೂರಿನಲ್ಲಿ ಆ ಹೊತ್ತು ಹೆಚ್ಚುಕಡಿಮೆ ಐದು ಗಂಟೆ. ತಿಥಿಯ ಉದ್ದ ಒಂದೇ ಸಮ ಇರುವುದಿಲ್ಲ, 19 ಗಂಟೆಯಿಂದ 26 ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ. ಆದ್ದರಿಂದ ಕ್ಯಾಲೆಂಡರಿನ ಕೆಂಪು ಅಂಕಿ ನೋಡಿದರೆ ಸಾಲದು, ಚಂದ್ರೋದಯದ ಹೊತ್ತಿಗೆ ಯಾವ ತಿಥಿ ಇದೆ ಎಂದು ನೋಡಬೇಕು. 2022ರಲ್ಲಿ ಅಕ್ಟೋಬರ್ 24ರ ಬೆಳಿಗ್ಗೆ ಚತುರ್ದಶಿಯ ಎಣ್ಣೆ ನೀರು, ಅದೇ ಸಂಜೆ ಅಮಾವಾಸ್ಯೆಯ ಲಕ್ಷ್ಮೀಪೂಜೆ, 25ಕ್ಕೆ ಸೂರ್ಯಗ್ರಹಣ, 26ಕ್ಕೆ ಬಲಿಪಾಡ್ಯಮಿಯ ಎಣ್ಣೆ ನೀರು. ಹೊರದೇಶದಲ್ಲಿರುವವರು ಬೆಂಗಳೂರಿನ ಪಂಚಾಂಗದ ಗಂಟೆಯನ್ನು ಹಾಗೆಯೇ ಇಟ್ಟುಕೊಂಡರೆ ತಪ್ಪುತ್ತದೆ. ತಿಥಿಯನ್ನೂ ಚಂದ್ರೋದಯವನ್ನೂ ತಮ್ಮ ಊರಿಗೆ ಹೊಂದಿಸಿಕೊಳ್ಳಬೇಕು.

ಐದು ಗಂಟೆಗೆ ಬಿಸಿನೀರು ಬೇಕೆಂದರೆ ಕೆಲಸ ಹಿಂದಿನ ಸಂಜೆಯೇ ಶುರು. ಅದಕ್ಕೇ ತ್ರಯೋದಶಿ ನೀರು ತುಂಬುವ ಹಬ್ಬ. ಪಂಚಾಂಗದ ಭಾಷೆಯಲ್ಲಿ ಜಲಪೂರಣ. ಹಂಡೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಮಲೆನಾಡಾದರೆ ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಕಂಠದವರೆಗೆ ನೀರು ತುಂಬುತ್ತಾರೆ. ಹಬ್ಬ ಅನ್ನಿ, ಪೂರ್ವಸಿದ್ಧತೆ ಅನ್ನಿ. ಗೀಸರ್ ಇರುವವರಿಗೆ ಈ ಹಬ್ಬ ಬೇಡವೆಂದು ತೋರುತ್ತದೆ, ಲೆಕ್ಕ ಹಾಕುವವರೆಗೆ. 15 ಲೀಟರಿನ ಗೀಸರನ್ನು 60 ಡಿಗ್ರಿಗೆ ಕಾಯಿಸಿದರೆ ತಣ್ಣೀರು ಬೆರೆಸಿ ಹದ ಮಾಡಿದ ಮೇಲೆ ಸಿಗುವುದು 34 ಲೀಟರಿನ ಆಸುಪಾಸು. ಎಣ್ಣೆ, ಸೀಗೆಪುಡಿಯ ತಲೆಗೆ ಒಬ್ಬರಿಗೇ ಎರಡು ದೊಡ್ಡ ಬಕೆಟ್ ಬೇಕು. ಎರಡು ಕಿಲೋವ್ಯಾಟಿನದು ಮತ್ತೆ ಕಾಯಲು ಸುಮಾರು ಇಪ್ಪತ್ತು ನಿಮಿಷ. ಐದು ಜನರ ಮನೆಯಲ್ಲಿ ಕೊನೆಯವರ ಸರದಿ ಬರುವಷ್ಟರಲ್ಲಿ ಚಂದ್ರನ ಹಿಂದೆ ಸೂರ್ಯನೂ ಬಂದಿರುತ್ತಾನೆ. ರಾತ್ರಿಯೇ ಬಕೆಟ್ಟುಗಳಲ್ಲಿ ತಣ್ಣೀರು ತುಂಬಿಟ್ಟು, ಗ್ಯಾಸಿನ ಮೇಲೆ ಒಂದು ದೊಡ್ಡ ಪಾತ್ರೆ ಇಟ್ಟುಕೊಂಡವರು ಜಾಣರು.

ಎಣ್ಣೆಗೆ ಬಯಲುಸೀಮೆಯಲ್ಲಿ ಎಳ್ಳೆಣ್ಣೆ, ಕರಾವಳಿಯಲ್ಲಿ ಕೊಬ್ಬರಿ ಎಣ್ಣೆ, ನೆತ್ತಿಗೆ ಮಾತ್ರ ಹರಳೆಣ್ಣೆ ಎನ್ನುವವರೂ ಉಂಟು. ಹರಳೆಣ್ಣೆ ಅಂಟು, ಒಂದು ಪಾಲಿಗೆ ಎರಡು ಪಾಲು ಎಳ್ಳೆಣ್ಣೆ ಬೆರೆಸದಿದ್ದರೆ ಎರಡು ಸಲ ಸೀಗೆ ಹಾಕಿದರೂ ಹೋಗುವುದಿಲ್ಲ. ತಲೆಗೆ ಎರಡು ಮೂರು ಚಮಚ, ಮೈಗೆ ಅರ್ಧ ಲೋಟಕ್ಕಿಂತ ಕಡಿಮೆ ಸಾಕು. ಬಟ್ಟಲನ್ನು ನೇರ ಉರಿಗಿಡದೆ ಬಿಸಿನೀರಿನಲ್ಲಿ ಇಳಿಬಿಟ್ಟು ಬೆಚ್ಚಗೆ ಮಾಡಿ, ಮುಂಗೈಗೆ ಹನಿ ಹಾಕಿ ನೋಡಿ. ನೆತ್ತಿ, ಕಿವಿಯ ಹಿಂಭಾಗ, ಅಂಗಾಲು ಬಿಡಬಾರದು. ಅರ್ಧ ಗಂಟೆ ನೆನೆದರೆ ಸಾಕು. ಎರಡು ಗಂಟೆ ಕೂತವರಿಗೆ ಹೆಚ್ಚಿನ ಫಲವೇನೂ ಇಲ್ಲ, ಸೀನು ಮಾತ್ರ ಗ್ಯಾರಂಟಿ. ಜ್ವರ, ನೆಗಡಿ, ಅಜೀರ್ಣ ಇದ್ದ ದಿನ ಬೇಡ. ಕಫ, ಅಜೀರ್ಣ ಇದ್ದವರಿಗೆ ಬೇಡವೆಂದ ವಾಗ್ಭಟನ ವೈದ್ಯಗ್ರಂಥ ಅಷ್ಟಾಂಗಹೃದಯ ಚಂದ್ರನ ಸುದ್ದಿಯನ್ನೇ ಎತ್ತುವುದಿಲ್ಲ ಎಂಬುದು ತಮಾಷೆ. ಅಭ್ಯಂಗ ನಿತ್ಯ ಮಾಡು ಅನ್ನುತ್ತದೆ, ಅಷ್ಟೆ. ವೈದ್ಯ ಪ್ರತಿದಿನ ಅನ್ನುತ್ತಾನೆ, ಪುರೋಹಿತ ಇಂಥ ದಿನ ಬೇಡ ಅನ್ನುತ್ತಾನೆ. ನಡುವೆ ವಾರಕ್ಕೊಮ್ಮೆ ಎಂದು ರಾಜಿ ಮಾಡಿಸಿದವರು ಮನೆಯ ಹೆಂಗಸರೇ ಇರಬೇಕು. ಬಿಸಿನೀರು ಕತ್ತಿನಿಂದ ಕೆಳಗೆ ಬಲ ಕೊಡುತ್ತದೆ, ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಕೆಡುಕು ಎಂದೂ ಅಲ್ಲಿದೆ. ಹಂಡೆಯಿಂದ ಹೊಗೆಯಾಡುವ ನೀರನ್ನು ತಂಬಿಗೆಯಲ್ಲಿ ಮೊಗೆದು ಮಕ್ಕಳ ನೆತ್ತಿಗೆ ಹೊಯ್ಯುವವರು ಆ ಶ್ಲೋಕದವರೆಗೆ ಓದಿರಲಿಕ್ಕಿಲ್ಲ.

ಸೀಗೆಪುಡಿಯ ಗುಟ್ಟೆಲ್ಲ ಬಿಸಿಲಿನಲ್ಲಿದೆ. ಒಂದು ಕಿಲೋ ಸೀಗೆಕಾಯಿಗೆ ಕಾಲು ಕಿಲೋ ಮೆಂತ್ಯ, ಕಾಲು ಕಿಲೋ ಹೆಸರುಕಾಳು, ಎರಡು ಹಿಡಿ ಒಣಗಿಸಿದ ದಾಸವಾಳದ ಹೂವು, ಒಂದು ಹಿಡಿ ನಿಂಬೆಸಿಪ್ಪೆ. ಕಾಯಿ ಮುರಿದರೆ ಟಕ್ಕನೆ ಸದ್ದಾಗಬೇಕು. ಪುಡಿ ಕೆಡುವುದು ಬಹುಮಟ್ಟಿಗೆ ನಿಂಬೆಸಿಪ್ಪೆಯಿಂದ. ಹೊರಗೆ ಒಣಗಿದಂತೆ ಕಂಡು ಒಳಗೆ ಪಸೆ ಉಳಿಸಿಕೊಂಡಿರುತ್ತದೆ, ತಿಂಗಳಲ್ಲಿ ಡಬ್ಬಿಯೆಲ್ಲ ಬೂಷ್ಟು. ಅಂಟುವಾಳ ಸೇರಿಸುವುದಾದರೆ ಬೀಜ ತೆಗೆದೇ ಸೇರಿಸಿ. ಅದು ಗೋಲಿಯಷ್ಟು ಗಟ್ಟಿ, ಗಿರಣಿಯವನು ಮುಂದಿನ ಸಲ ಒಳಗೆ ಬಿಡುವುದಿಲ್ಲ. ಈಗಲೂ ಅವನು ಸೀಗೆಕಾಯಿ ಎಂದರೆ ಸಾಯಂಕಾಲ ಬನ್ನಿ ಅನ್ನುತ್ತಾನೆ. ಅದರ ಘಾಟಿಗೆ ಸರದಿಯಲ್ಲಿ ನಿಂತವರೆಲ್ಲ ಸೀನಬೇಕು, ಆಮೇಲೆ ಬಂದ ರಾಗಿಹಿಟ್ಟೂ ಕಹಿಯಾಗುತ್ತದೆ.

ಭುಜದವರೆಗಿನ ಕೂದಲಿಗೆ ಮೂರು ದೊಡ್ಡ ಚಮಚ ಪುಡಿಯನ್ನು ಹತ್ತು ನಿಮಿಷ ಮೊದಲೇ ಕಲಸಿಡಬೇಕು. ನೀರಿಗಿಂತ ಅನ್ನದ ಗಂಜಿ ಒಳ್ಳೆಯದು. ಕುದಿಯುವ ನೀರು ಹಾಕಿದರೆ ಮೆಂತ್ಯ ಗಂಟು ಕಟ್ಟಿ ಕೂದಲಲ್ಲಿ ಮುದ್ದೆಯಾಗುತ್ತದೆ. ತೀರಾ ತೆಳುವಾದರೆ ಹಣೆಯಿಂದ ಕಣ್ಣಿಗೆ ಇಳಿಯುತ್ತದೆ. ಇಳಿದರೆ ಉಜ್ಜದೆ ತಣ್ಣೀರು ಎರಚಿ. ದೋಸೆಹಿಟ್ಟಿನ ಹದ ಸರಿ. ನೊರೆ ಕಮ್ಮಿ ಬಂತೆಂದು ಇನ್ನಷ್ಟು ಸುರಿಯುವುದು ಶಾಂಪೂ ಕಲಿಸಿದ ಚಟ. ಕೊಳೆ ಬಿಡಿಸುವುದು ಸೀಗೆಯಲ್ಲಿರುವ ಸಪೋನಿನ್, ನೊರೆ ಬರೀ ಅದರ ಗುರುತು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಸುಣ್ಣದ ಅಂಶಕ್ಕೆ ಕೂಡಿ ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತದೆ, ಸೀಗೆಗೆ ಆ ಗೋಳಿಲ್ಲ. ಒಣ ಕೂದಲಿನವರಿಗೆ ಚಿಗರೆ ಮರದ ಎಲೆಯ ಪುಡಿ ಮೇಲು. ಎಣ್ಣೆಯನ್ನು ಪೂರ್ತಿ ಸೆಳೆಯದೆ ಸ್ವಲ್ಪ ಜಾರು ಉಳಿಸುತ್ತದೆ. ದಾಸವಾಳ ಸೊಪ್ಪನ್ನು ತಣ್ಣೀರಿನಲ್ಲಿ ಕಿವುಚಿ ಸೋಸಿದ ಲೋಳೆಯನ್ನು ಕೊನೆಗೆ ಹಚ್ಚಿ. ಅದೊಂದನ್ನೇ ನಂಬಿದರೆ ಎಣ್ಣೆ ಎಣ್ಣೆಯಾಗಿಯೇ ಇರುತ್ತದೆ.

ಮೈಕೈ ನೋವಿಗೆ ಲಕ್ಕಿ ಸೊಪ್ಪು, ಯುಗಾದಿಗೆ ಬೇವಿನ ಸೊಪ್ಪು. ಎರಡು ಹಿಡಿ ಸೊಪ್ಪನ್ನು ಎರಡು ಲೀಟರ್ ನೀರಿನಲ್ಲಿ ಹದಿನೈದು ನಿಮಿಷ ಕುದಿಸಿ, ಸೋಸಿ ಬಕೆಟ್ಟಿಗೆ ಬೆರೆಸಬೇಕು. ಸೋಸದಿದ್ದರೆ ಎಲೆಯೆಲ್ಲ ಮೈಗೆ, ಆಮೇಲೆ ಮೋರಿಗೆ.

ಚತುರ್ದಶಿಯ ದಿನ ಸ್ನಾನದ ನಡುವೆ ಉತ್ತರಾಣಿ ಕಡ್ಡಿಯನ್ನು ತಲೆಯ ಸುತ್ತ ಮೂರು ಸಲ ಇಳಿತೆಗೆಯುತ್ತಾರೆ. ಉತ್ತ ಹೊಲದ ಮಣ್ಣಹೆಂಟೆಯೂ ಜೊತೆಗಿರಬೇಕೆಂದು ಮಂತ್ರದಲ್ಲಿದೆ. ಕರಾವಳಿಯ ಕೊಂಕಣಿ ಮನೆಗಳಲ್ಲಿ ನರಕಾಸುರನೆಂದು ಕಾರೀಟದ ಕಹಿಕಾಯಿಯನ್ನು ಕಾಲಲ್ಲಿ ಮೆಟ್ಟಿ ಒಡೆಯುತ್ತಾರೆ. ಉತ್ತರಾಣಿ ಸುತ್ತುವವರಿಗೆ ಒಂದು ಎಚ್ಚರಿಕೆ: ಕಡ್ಡಿ ಕೂದಲಿಗೆ ತಾಗದಂತೆ ಒಂದು ಗೇಣು ದೂರ ಇರಲಿ. ಅದರ ಬೀಜ ಕೆಳಮುಖದ ಮುಳ್ಳು. ದನದ ಮೈಗೂ ಪಂಚೆಗೂ ಅಂಟಿ ಊರು ಸುತ್ತುವುದೇ ಅದರ ಕಸುಬು. ಎಣ್ಣೆ ಮೆತ್ತಿದ ಒದ್ದೆ ಜಡೆ ಸಿಕ್ಕಿದರೆ ಬಿಡುವುದಿಲ್ಲ, ಪಾಪ ಹೋಗಿ ಕತ್ತರಿ ಬರುತ್ತದೆ.

ಇಷ್ಟೆಲ್ಲದರಲ್ಲಿ ನಿಜವಾದ ಅಪಾಯ ನೆಲದ್ದು. ಹಳೆಯ ಬಚ್ಚಲಿನ ಕಲ್ಲುಚಪ್ಪಡಿ ತರಿ ತರಿಯಾಗಿತ್ತು, ಎಣ್ಣೆಪಾದಕ್ಕೆ ಹಿಡಿತ ಸಿಗುತ್ತಿತ್ತು. ಟೈಲ್ಸಿನ ಮೇಲೆ ಎಳ್ಳೆಣ್ಣೆ ಬಿದ್ದರೆ ವಯಸ್ಸಾದವರ ಸೊಂಟಕ್ಕೆ ಗ್ಯಾರಂಟಿಯಿಲ್ಲ. ಒದ್ದೆ ಗೋಣಿಚೀಲ ಹಾಸಿ, ಅಂಗಾಲಿನ ಎಣ್ಣೆಯನ್ನು ಮಣೆಯ ಮೇಲೆ ಕೂತ ಮೇಲೆಯೇ ಹಚ್ಚಿ. ಅಪಾರ್ಟ್‌ಮೆಂಟಿನಲ್ಲಿ ಎಣ್ಣೆಯೂ ಸೀಗೆಯ ಗಸಿಯೂ ಸೇರಿ ಪೈಪಿನೊಳಗೆ ಗಾರೆಯಂತೆ ಕೂರುತ್ತದೆ. ಜಾಲರಿಯ ಮೇಲೆ ಹಳೆಯ ತೆಳು ಬಟ್ಟೆ ಕಟ್ಟಿ, ಕೊನೆಗೆ ಒಂದು ಬಕೆಟ್ ಬಿಸಿನೀರು ಸುರಿಯಬೇಕು.

ಹಂಡೆಯಿರುವ ಮನೆಯಲ್ಲಿ ಕೊನೆಗೆ ಸ್ನಾನ ಮಾಡುವವರಿಗೆ ಇನ್ನೂ ಒಂದು ಕೆಲಸ ಉಳಿದಿರುತ್ತದೆ. ಒಲೆಯಲ್ಲಿ ಕೆಂಡವಿದ್ದು ಹಂಡೆ ಬರಿದಾದರೆ ತಾಮ್ರದ ಬೆಸುಗೆ ಬಿಡುತ್ತದೆ. ಮೈ ಒರೆಸಿಕೊಳ್ಳುವ ಮುಂಚೆ ಹಂಡೆಗೆ ಎರಡು ಕೊಡ ತಣ್ಣೀರು ಸುರಿದೇ ಹೊರಗೆ ಬರಬೇಕು. ಹೇಗೂ ಬಲಿಪಾಡ್ಯಮಿಗೆ ಮತ್ತೆ ಬೇಕಲ್ಲ.