ಚಂಗಾ ಯಾರದ್ದು ಅನ್ನುವ ಜಗಳ

ಮೆಲ್ಬರ್ನ್‌ನಿಂದ ರಜೆಗೆ ಬಂದಿರುವ ಗೆಳೆಯನ ಜೊತೆ ನಿನ್ನೆ ಕಾಫಿಗೆ ಕೂತಿದ್ದೆ. ಮಾತು ಚಂಗಾ ಕಡೆ ತಿರುಗಿತು. ಭ್ರಮೆ ತರಿಸುವ ಡಿಎಂಟಿಯನ್ನು ಒಣಸೊಪ್ಪಿಗೆ ಹಿಡಿಸಿ ಸೇದುವ ಮಿಶ್ರಣ ಅದು. ಡಿಎಂಟಿಗೆ ಆಸ್ಟ್ರೇಲಿಯಾದಲ್ಲೂ ನಿಷೇಧವಿದೆ. "ಕಂಡುಹಿಡಿದಿದ್ದು ನಮ್ಮ ಆಸ್ಟ್ರೇಲಿಯಾದ ಜೂಲಿಯನ್ ಪಾಮರ್" ಅಂದ ಆ ಗೆಳೆಯ. "ಅವರು ಹೆಸರಿಟ್ಟರು ಅಷ್ಟೇ ಕಣೋ, ಸೊಪ್ಪಿಗೆ ಸೇರಿಸಿ ಸೇದುವವರು ಮೊದಲೇ ಇದ್ದರು" ಅಂದ ಜೊತೆಗಿದ್ದ ಇನ್ನೊಬ್ಬ ಗೆಳೆಯ. ಅರ್ಧ ಗಂಟೆ ಇದೇ. ನನಗೆ ತಲೆ ಕೆಟ್ಟುಹೋಯಿತು.

ಚಂಗಾದಲ್ಲಿ ಸಾಮಾನ್ಯವಾಗಿ ಸೇರುವ ಕಾಪಿ ಬಳ್ಳಿ ಎಲ್ಲಿಯದು? ಅಮೆಜಾನ್ ಕಾಡಿನದು. ಡಿಎಂಟಿ ಇರುವ ಎಲೆಯನ್ನು ಸುಮ್ನೆ ಕುದಿಸಿ ಕುಡಿದರೆ ಏನೂ ಆಗುವುದಿಲ್ಲ, ಅದು ಒಳಗೇ ಒಡೆದುಹೋಗುತ್ತದೆ. ಬಳ್ಳಿಯಲ್ಲಿರುವ ಹಾರ್ಮಿನ್ ಅದನ್ನು ಒಡೆಯದಂತೆ ಕಾಯುತ್ತದೆ. ಎರಡನ್ನೂ ಸೇರಿಸಿ ಕುದಿಸಿದ ಕಷಾಯವೇ ಅಯಾಹುವಾಸ್ಕ. ಸಾವಿರಾರು ಗಿಡಗಳ ನಡುವೆ ಈ ಜೋಡಿಯನ್ನು ಹುಡುಕಿಕೊಂಡವರು ಅಲ್ಲಿನ ಬುಡಕಟ್ಟು ಜನ. ಅವರ ಹೆಸರು ನಿನ್ನೆ ಒಂದು ಸಲವೂ ಬರಲಿಲ್ಲ.

ಸೇದುವ ರೂಪ ಹೊಸದು, ಹೆಸರೂ ಹೊಸದು, ಒಪ್ಪಿದೆ. ಹೆಸರಿಟ್ಟವರಿಗೆ ಹೆಸರಿಟ್ಟ ಗೌರವ ಕೊಡೋಣ. ಆದರೆ "ಕಂಡುಹಿಡಿದರು" ಅನ್ನುವ ಮಾತು ಬೇಡ.

1986ರಲ್ಲಿ ಅಮೆರಿಕದ ಲೋರೆನ್ ಮಿಲ್ಲರ್ ಇದೇ ಬಳ್ಳಿಯ ಒಂದು ತಳಿಗೆ ಪೇಟೆಂಟ್ ಪಡೆದರು. ಅಮೆಜಾನ್ ಬುಡಕಟ್ಟುಗಳ ಒಕ್ಕೂಟ ಕೋಯಿಕಾ ಅದರ ವಿರುದ್ಧ ಹೋಯಿತು. 1999ರಲ್ಲಿ ಪೇಟೆಂಟ್ ರದ್ದಾಯಿತು. ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ. ಚಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಅಂಥದೇ ಗಿಡದ ಒಣಗಿದ ಮಾದರಿ ಮೊದಲೇ ಇತ್ತಂತೆ! ರಟ್ಟಿಗೆ ಅಂಟಿಸಿದ ಎಲೆ ಸಾಕ್ಷಿಯಾಯಿತು. ತಲೆತಲಾಂತರದಿಂದ ಅದನ್ನು ಪೂಜೆಯಂತೆ ಕುಡಿದ ಜನರ ಮಾತು ಆಗಲಿಲ್ಲ. 2001ರಲ್ಲಿ ಪೇಟೆಂಟ್ ಕಚೇರಿ ಅದನ್ನು ಮಿಲ್ಲರ್‌ಗೇ ವಾಪಸ್ ಕೊಟ್ಟಿತು. 2003ರಲ್ಲಿ ಅವಧಿ ಮುಗಿಯುವವರೆಗೂ ಅದು ಮಿಲ್ಲರ್ ಕೈಯಲ್ಲೇ ಇತ್ತು.

ನಾನು ಬಾಟನಿ ಓದಿದ್ದು ನಿಮಗೆ ಗೊತ್ತಲ್ವಾ. ಎಂಎಸ್ಸಿಯಲ್ಲಿ ಪಶ್ಚಿಮಘಟ್ಟಕ್ಕೆ ಹೋಗಿದ್ದಾಗ ಒಬ್ಬ ಅಜ್ಜಿ ಒಂದು ಬೇರು ಕಿತ್ತು ತೋರಿಸಿ, ಯಾವುದಕ್ಕೆ ಆಗುತ್ತದೆ, ಎಷ್ಟು ಅರೆಯಬೇಕು, ಯಾರಿಗೆ ಕೊಡಬಾರದು ಅಂತ ಒಂದು ಮಧ್ಯಾಹ್ನ ಪೂರ್ತಿ ಹೇಳಿದ್ದರು. ಆ ಗಿಡ ಒಣಗಿಸಿ ರಟ್ಟಿಗೆ ಅಂಟಿಸಿದೆ. "ಸಂಗ್ರಹಿಸಿದವರು" ಅನ್ನುವ ಜಾಗದಲ್ಲಿ ನನ್ನ ಹೆಸರು ಬರೆದೆ. ಅಜ್ಜಿಯ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.