ಟೆಕ್ಸಾಸಿನ ಇಲಿ, ಚಿಕ್ಕಪ್ಪನ ಕೆರೆ

ಚಿಕ್ಕಪ್ಪನ ಮಗ ಟೆಕ್ಸಾಸಿನಲ್ಲಿದ್ದಾನೆ. ಊರಿಗೆ ಬಂದಾಗಲೆಲ್ಲ ಮಕ್ಕಳಿಗೆ ಚಾಕಲೇಟು, ಅಮ್ಮನಿಗೆ ಮಂಡಿನೋವಿನ ಮುಲಾಮು ತರುತ್ತಾನೆ. ಕಳೆದ ಡಿಸೆಂಬರಿನಲ್ಲಿ ನನ್ನ ಕೈಗೂ ಒಂದು ಉದ್ದ ಡಬ್ಬ ಇಟ್ಟ. ಬಿಚ್ಚಿದರೆ ಒಳಗೆ ಬೂದು ಬಣ್ಣದ, ಗುಂಡು ಹೊಟ್ಟೆಯ ಒಂದು ಪ್ಲಾಸ್ಟಿಕ್ ಪ್ರಾಣಿ. ಹಿಂದೆ ಗರಗರ ತಿರುಗುವ ಬಾಲ. ಹೊಟ್ಟೆಯ ಕೆಳಗೊಂದು, ಬಾಲದ ತುದಿಗೊಂದು ಮೂರು ಕೊಂಡಿಯ ಗಾಳ. ಅಮ್ಮ ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇಲೀನ ಅಷ್ಟು ದೂರದಿಂದ ತರ್ಬೇಕಿತ್ತಾ? ಇಲ್ಲಿ ಕಮ್ಮಿಯಾ?"

ಅದು ಟಾಪ್‌ವಾಟರ್ ಲೂರ್. ಅಂದರೆ ನೀರಿನ ಮೇಲೆ ತೇಲುತ್ತಾ ಬರುವ ಸುಳ್ಳು ಎರೆ. ಎಸೆದು ದಾರದ ರೀಲ್ ಸುತ್ತಿದರೆ ಬಾಲ ತಿರುಗುತ್ತದೆ, ಪ್ಲಪ್ ಪ್ಲಪ್ ಅಂತ ಸದ್ದಾಗುತ್ತದೆ. ಯಾವುದೋ ಪ್ರಾಣಿ ಜೀವ ಉಳಿಸಿಕೊಳ್ಳಲು ಈಜುತ್ತಿದೆ ಎಂದುಕೊಂಡು ಮೀನು ಕೆಳಗಿನಿಂದ ಬಂದು ಬಾಯಿ ಹಾಕುತ್ತದೆ. ಅಮೆರಿಕದವರು ಇದನ್ನು ಬಾಸ್ ಮೀನಿಗೆ ಹಾಕುತ್ತಾರೆ. ಇದರ ಮೇಲೆ ಅವರಲ್ಲೊಂದು ಕಥೆಯೂ ಇದೆ. ಮಿಶಿಗನ್ನಿನ ಜೇಮ್ಸ್ ಹೆಡನ್ ಎಂಬಾತ ಒಂದು ದಿನ ಗೆಳೆಯನಿಗೆ ಕಾಯುತ್ತಾ ಚಾಕುವಿನಲ್ಲಿ ಕಡ್ಡಿ ಕೆತ್ತುತ್ತಿದ್ದನಂತೆ, ಬೇಜಾರಾಗಿ ಆ ತುಂಡನ್ನು ನೀರಿಗೆ ಎಸೆದನಂತೆ, ಬಾಸ್ ಮೀನೊಂದು ಬಂದು ಅದಕ್ಕೆ ಹೊಡೆಯಿತಂತೆ, ಅಲ್ಲಿಂದ ಕಂಪನಿಯೇ ಶುರುವಾಯಿತಂತೆ. ನಾನೂ ಎಷ್ಟೋ ಸಲ ಕೆರೆದಂಡೆಯಲ್ಲಿ ಕೂತು ಕಾಫಿ ಕಡ್ಡಿ ಎಸೆದಿದ್ದೇನೆ. ಕಡ್ಡಿ ಮುಳುಗಿದ್ದು ಬಿಟ್ಟರೆ ಏನೂ ಆಗಿಲ್ಲ.

ನಮ್ಮಲ್ಲಿ ಬಾಸ್ ಎಲ್ಲಿಂದ ಬರಬೇಕು? ಹೊಳೆಗೆ ಇಳಿಯೋಣ ಅಂದರೆ ಕಾವೇರಿಯ ಬಿಳಿ ಮೀನಿನ ತಂಟೆಗೆ ಹೋಗುವ ಹಾಗಿಲ್ಲ. ಮಹಶೀರ್ ಅಂತಾರಲ್ಲ, ಅದರಲ್ಲಿ ಬೆನ್ನು ಉಬ್ಬಿದ ಜಾತಿ 2018ರಲ್ಲೇ ಅಳಿವಿನ ಅಂಚಿನ ಪಟ್ಟಿಗೆ ಸೇರಿದೆ. ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಸಿದ್ದಾಪುರದ ಹತ್ತಿರ ಚಿಕ್ಕಪ್ಪನ ತೋಟದ ಕೆರೆ, ಅದರಲ್ಲಿರುವ ಕೊರವ ಮೀನು. ಹಾವಿನ ತಲೆ, ಪುಂಡನ ಬುದ್ಧಿ. ಉಸಿರಾಡುವುದಕ್ಕೇ ಆಗಾಗ ನೀರಿನ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ಕಪ್ಪೆ ಕಂಡರೆ ಬಿಡುವುದಿಲ್ಲ. ಕಪ್ಪೆ ತಿನ್ನುವವನಿಗೆ ಇಲಿ ಬೇಡವಾಗುತ್ತಾ ಎಂಬುದು ನನ್ನ ಲೆಕ್ಕ.

ಮೊದಲ ಬೀಸು ಫೆಬ್ರವರಿಯ ಒಂದು ಭಾನುವಾರ. ಜೊತೆಗೆ ಬಾವ. ಅಕ್ಕನ ಗಂಡ, ಮೀನು ಹಿಡಿಯುವುದಿಲ್ಲ, ಹಿಡಿಯುವವರ ಪಕ್ಕ ಕೂತು ಮಾತಾಡುತ್ತಾರೆ. ನನ್ನ ರಾಡಿನ, ಅಂದರೆ ಗಾಳದ ಕೋಲಿನ, ಹಿಡಿಯ ಹತ್ತಿರ ಸಣ್ಣ ಅಕ್ಷರದಲ್ಲಿ 7-21 ಗ್ರಾಂ ಅಂತ ಬರೆದಿದೆ. ಅದು ಎಷ್ಟು ಭಾರದ ಲೂರ್ ಎಸೆಯಬಹುದು ಎಂಬ ಲೆಕ್ಕ. ನಾಲ್ಕು ವರ್ಷದಿಂದ ಆ ರಾಡ್ ನನ್ನ ಕೈಲಿತ್ತು, ಒಂದು ದಿನವೂ ಓದಿರಲಿಲ್ಲ. ಟೆಕ್ಸಾಸಿನ ಇಲಿಯ ತೂಕ 40 ಗ್ರಾಂ. ತಲೆಯ ಹಿಂದೆ ತೆಗೆದುಕೊಂಡು ಹೋಗಿ, ಪೂರ್ತಿ ಬಲ ಹಾಕಿ ಬೀಸಿದೆ. ಟಪ್ ಅಂತು. ರಾಡಿನ ಮೇಲಿನ ಒಂದಡಿ ಮುರಿದು ದಾರದಲ್ಲಿ ಜೋತಾಡಿತು. ದಾರವೂ ತುಂಡು. ಇಲಿ ಮಾತ್ರ ಕೆರೆ ಬಿಟ್ಟು ಆಕಾಶದ ಕಡೆ ಹೋಗಿ, ದಂಡೆಯ ಸಿಲ್ವರ್ ಓಕ್ ಮರದಲ್ಲಿ, ಸುಮಾರು ಮೂವತ್ತಡಿ ಮೇಲೆ, ಕರಿಮೆಣಸಿನ ಬಳ್ಳಿಯೊಳಗೆ ಕೂತಿತು.

"ಮೀನು ಅಲ್ಲಿರುತ್ತಾ?" ಅಂದರು ಬಾವ. ನಿಜವಾಗಿಯೂ ಕೇಳಿದರೋ ತಮಾಷೆಗೋ ಇವತ್ತಿಗೂ ಗೊತ್ತಿಲ್ಲ.

ಪುಣ್ಯಕ್ಕೆ ಮೆಣಸು ಕೊಯ್ಲಿನ ಕಾಲ. ಬಿದಿರಿನ ಏಣಿ ಹೊತ್ತವರು ತೋಟದಲ್ಲೇ ಇದ್ದರು. ಒಬ್ಬನನ್ನು ಕರೆದು ತೋರಿಸಿದೆ. ಅವನು ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಿದ. ಮೇಲೆ ಹೋದವನು ಒಂದು ನಿಮಿಷ ಸುಮ್ಮನಾದ.

"ಸಾವ್ಕಾರ್ರೆ, ಇಲ್ಲೇನೋ ಸತ್ತಿದೆ."

"ಸತ್ತಿಲ್ಲ ಮಾರಾಯ, ಪ್ಲಾಸ್ಟಿಕ್. ಗಾಳ ಇದೆ, ಕೈ ಜೋಪಾನ."

ಇಳಿದು ಬಂದವನು ಅದನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡಿದ್ದ. ಚೀಲದ ತಳದಲ್ಲಿ ಹಿಡಿ ಮೆಣಸೂ ಇತ್ತು. ಹತ್ತಿದ ಮೇಲೆ ಬರಿಗೈಲಿ ಯಾಕೆ ಇಳಿಯಬೇಕು ಅಂತ. ಮೆಣಸಿಗೆ ಕೂಲಿ ಚಿಕ್ಕಪ್ಪ ಕೊಟ್ಟರು, ಇಲಿಗೆ ನಾನು ಕೊಟ್ಟೆ. ಇಲಿಯದ್ದೇ ಜಾಸ್ತಿ ಆಯಿತು.

ಕುಶಾಲನಗರಕ್ಕೆ ಹೋಗಿ ದಪ್ಪ ರಾಡ್ ತಂದೆ. ಹೆಂಡತಿ ಕರ್ಟನ್ ಕಡ್ಡಿ ಅಂದುಕೊಂಡು ಖುಷಿಪಟ್ಟಳು, ಆ ಖುಷಿಯನ್ನು ಎರಡು ದಿನ ಹಾಗೇ ಇರಲು ಬಿಟ್ಟೆ. ಹೊಸ ರಾಡಿನಲ್ಲಿ ಇಲಿ ಚೆನ್ನಾಗಿ ಹೋಗುತ್ತಿತ್ತು. ಮೂರನೇ ಸಂಜೆ, ಬೆಳಕು ಇಳಿಯುವ ಹೊತ್ತಿಗೆ, ತಾವರೆ ಎಲೆಗಳ ಅಂಚಿನಲ್ಲಿ ಬರುತ್ತಿದ್ದ ಇಲಿಯ ಕೆಳಗೆ ನೀರು ಉಬ್ಬಿತು. ಬಕೆಟ್ ಕವುಚಿದ ಹಾಗೆ ಒಂದು ಸದ್ದು. ಅದೇ ಕ್ಷಣ ನಾನು ರಾಡ್ ಎಳೆದೆ. ಎಳೆಯಬಾರದು. ನೀರು ಚಿಮ್ಮಿದ್ದು ಕಂಡಾಗ ಅಲ್ಲ, ಕೈಗೆ ಭಾರ ಬಂದಮೇಲೆ ಎಳೆಯಬೇಕು, ಟಾಪ್‌ವಾಟರ್ ಹಾಕುವವರು ಎಲ್ಲರೂ ಹೇಳುವ ಮೊದಲ ಮಾತೇ ಅದು. ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ಕಣ್ಣು ಕೈಗಿಂತ ಮುಂದಿರುತ್ತದೆ, ಅಲ್ವಾ? ಇಲಿ ಮೀನಿನ ಬಾಯಿಯಿಂದ ಹೊರಬಂದು ಬಾವನ ಕಿವಿಯ ಪಕ್ಕದಲ್ಲಿ ಸುಂಯ್ ಅಂತ ಹಾದು ಹಿಂದಿನ ಕಾಫಿ ಗಿಡಕ್ಕೆ ಸಿಕ್ಕಿಕೊಂಡಿತು. ಬಾವ ಅವತ್ತಿನಿಂದ ಹೆಲ್ಮೆಟ್ ಹಾಕಿಕೊಂಡೇ ಕೆರೆಗೆ ಬರುತ್ತಾರೆ.

ತಪ್ಪು ನನ್ನ ಕೈಯದ್ದು. ಅದನ್ನು ಒಪ್ಪಿಕೊಂಡಿದ್ದರೆ ಒಂದು ರೂಪಾಯಿ ಖರ್ಚಾಗುತ್ತಿರಲಿಲ್ಲ. ನಾನು ಇಲಿಯನ್ನು ರಿಪೇರಿ ಮಾಡಲು ಹೊರಟೆ.

ಮೊದಲು ಗಾಳ ಬದಲಿಸಿದೆ, ಇನ್ನೂ ದಪ್ಪದ್ದು. ಅದರ ಭಾರಕ್ಕೆ ಇಲಿ ಕುತ್ತಿಗೆವರೆಗೆ ಮುಳುಗಿ, ಸಾಲ ಮಾಡಿದವನ ಹಾಗೆ ಮೂಗು ಮಾತ್ರ ಹೊರಗಿಟ್ಟು ಬಂತು. ಆಮೇಲೆ ಬಾಲದ ಗಾಳಕ್ಕೆ ಪುಕ್ಕ ಕಟ್ಟಿದೆ. ಅಮ್ಮನ ಹುಂಜ ಅಂಗಳದಲ್ಲಿ ಮೇಯುತ್ತಿತ್ತು, ಎರಡು ಪುಕ್ಕ ಕೇಳದೆ ತೆಗೆದುಕೊಂಡೆ. ಹುಂಜ ಒಂದು ವಾರ ನನ್ನನ್ನು ಕಂಡರೆ ಓಡಿಸಿಕೊಂಡು ಬರುತ್ತಿತ್ತು. ಆ ಪುಕ್ಕ ಬಾಲಕ್ಕೆ ಸುತ್ತಿಕೊಂಡು ಬಾಲ ತಿರುಗುವುದೇ ನಿಂತಿತು. ಪುಕ್ಕ ಕಿತ್ತೆ. ಸದ್ದು ಸಾಲದು ಅನ್ನಿಸಿತು. ಮಾವನ ಮನೆಯ ಹಳೆಯ ಡಬ್ಬದಲ್ಲಿ ಕೋವಿಯ ಚರೆ ಇತ್ತು, ಅದರಲ್ಲಿ ಆರು ಕಾಳು ಬೇಡಿ ತಂದು, ಇಲಿಯ ಹೊಟ್ಟೆಗೆ ತೂತು ಕೊರೆದು ಒಳಗೆ ಬಿಟ್ಟು, ಅಂಟು ಹಾಕಿ ಮುಚ್ಚಿದೆ. ಅಲ್ಲಾಡಿಸಿದರೆ ಗಿಲಿಗಿಲಿ. ಪಕ್ಕದ ಮನೆಯ ಮಗು ಕೈಚಾಚಿತು.

ಕೆರೆಗೆ ಹಾಕಿದರೆ ಹತ್ತೇ ಬೀಸಿಗೆ ಮುಳುಗತೊಡಗಿತು. ಎಲ್ಲೋ ನೀರು ಸೇರುತ್ತಿದೆ. ಸೋರುವ ಜಾಗ ಹುಡುಕಲು ಸುಲಭದ ಉಪಾಯ ಒಂದಿದೆ. ಟೊಳ್ಳು ಲೂರನ್ನು ಬಿಸಿ ನೀರಿನಲ್ಲಿ ಅದುಮಿ ಹಿಡಿದರೆ ಒಳಗಿನ ಗಾಳಿ ಹಿಗ್ಗಿ, ಬಿರುಕಿದ್ದಲ್ಲಿ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯವನ ಬುದ್ಧಿ. ನಮ್ಮ ಬಚ್ಚಲಲ್ಲಿ ಹಂಡೆ ಇದೆ, ಬೆಳಿಗ್ಗೆ ಐದಕ್ಕೇ ಬೆಂಕಿ ಹಾಕಿರುತ್ತಾರೆ. ಚೊಂಬಿನಲ್ಲಿ ನೀರು ತೆಗೆದುಕೊಂಡು ಮಾಡಬಹುದಿತ್ತು. ನಾನು ನೇರ ಹಂಡೆಗೇ ಹಾಕಿದೆ. ಅಂಟಿನ ಒಂದು ಬದಿಯಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಸಿಕ್ಕಿತು ಅಂತ ಎಂ-ಸೀಲ್ ತರಲು ಓಡಿದೆ.

ಎರಡೇ ನಿಮಿಷ. ಅಷ್ಟರಲ್ಲಿ ಅಮ್ಮ ಸ್ನಾನಕ್ಕೆ ಹೋಗಿದ್ದರು.

ಆ ಕಿರುಚಾಟಕ್ಕೆ ತೋಟದ ಕೆಲಸದವರ ಲೈನ್ ಮನೆಯವರೆಲ್ಲ ಬಂದರು. ಹಂಡೆಯಲ್ಲಿ ಇಲಿ ಸತ್ತು ತೇಲುತ್ತಿದೆ ಅಂತ ಅಮ್ಮ ಇಡೀ ನೀರು ಚೆಲ್ಲಿಸಿ, ಹುಣಸೆಹಣ್ಣು ಹಾಕಿ ಹಂಡೆ ತಿಕ್ಕಿಸಿದರು. ಅದು ಪ್ಲಾಸ್ಟಿಕ್ ಅಂತ ತೋರಿಸಿದ ಮೇಲೆ ಇನ್ನೊಂದು ಸಲ ತಿಕ್ಕಿಸಿದರು. ತಿಕ್ಕಿದ್ದು ಎರಡು ಸಲವೂ ನಾನೇ. ಆ ಗಲಾಟೆಯಲ್ಲಿ ಹೊಟ್ಟೆಯ ಗಾಳ ಅಮ್ಮನ ಟವೆಲಿಗೆ ಸಿಕ್ಕಿತ್ತು. ಹೆಂಡತಿ ಬಿಡಿಸುತ್ತಾ ಒಂದೇ ಮಾತು ಹೇಳಿದಳು. "ರೀ, ಆಡೋದಾದ್ರೆ ಗಾಳ ತೆಗೆದಿಟ್ಟು ಆಡಿ."

ಮಾತು ಸರಿಯಾಗಿಯೇ ಇತ್ತು. ಗಾಳ ಎರಡನ್ನೂ ಬಿಚ್ಚಿ ಹಾರ್ಲಿಕ್ಸ್ ಬಾಟಲಿಗೆ ಹಾಕಿ ಅಟ್ಟದ ಮೇಲಿಟ್ಟೆ. ಎಂ-ಸೀಲ್ ಮೆತ್ತಿ ಒಣಗಿಸಿದೆ. ಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟರೆ, ಗಾಳ ಇಲ್ಲದೆಯೇ 46 ಗ್ರಾಂ. ತೇಲುತ್ತದಾ, ಬಾಲ ತಿರುಗುತ್ತದಾ ಅಂತ ಸುಮ್ನೆ ನೋಡಿ ಬರೋಣ ಎಂದು ಸಂಜೆ ಹೊರಟೆ. ಮಳೆ ಬಾರದೆ ಚಿಕ್ಕಪ್ಪ ಕಾಫಿ ಹೂವಿಗೆ ವಾರವಿಡೀ ಸ್ಪ್ರಿಂಕ್ಲರ್ ಹಾಕಿಸಿದ್ದರು, ಕೆರೆ ಅರ್ಧಕ್ಕೆ ಇಳಿದಿತ್ತು. ಬಾವ ಹೆಲ್ಮೆಟ್ ಹಾಕಿಕೊಂಡು ಮೋಟಾರು ಶೆಡ್ಡಿನ ಮೆಟ್ಟಿಲ ಮೇಲೆ ಕೂತರು.

ಎಸೆದೆ. ತೇಲಿತು. ಬಾಲ ತಿರುಗಿತು. ಚರೆ ಗಿಲಿಗಿಲಿ ಅಂತಿತ್ತು. ನನಗೆ ನನ್ನ ಮೇಲೇ ಗೌರವ ಬಂತು. ನಾಲ್ಕು ಸುತ್ತು ಸುತ್ತಿರಲಿಲ್ಲ, ತಾವರೆ ಎಲೆ ಬದಿಗೆ ಸರಿಯಿತು, ನನ್ನ ಮೊಣಕೈಯಷ್ಟು ದಪ್ಪದ ಕೊರವ ಇಡೀ ಇಲಿಯನ್ನು ಬಾಯಲ್ಲಿ ತೆಗೆದುಕೊಂಡು ಕೆಳಗೆ ಹೋಯಿತು. ಈ ಸಲ ನಾನು ಎಳೆಯಲಿಲ್ಲ. ಒಂದು, ಎರಡು ಎಣಿಸಿದೆ. ಭಾರ ಕೈಗೆ ಬಂತು. ಆಗ ಎಳೆದೆ. ಜೀವನದಲ್ಲಿ ಅಷ್ಟು ಸರಿಯಾಗಿ ನಾನು ಯಾವತ್ತೂ ಎಳೆದಿಲ್ಲ. ರಾಡ್ ಬಾಗಿತು, ರೀಲ್ ಕಿರ್ರ್ ಅಂತು, ಬಾವ ಎದ್ದು ನಿಂತರು. ಕೊರವ ಎರಡು ಮಾರು ನನ್ನ ಕಡೆಗೆ ಬಂದು, ಬಾಯಲ್ಲಿರುವುದು ಏನೆಂದು ಯೋಚಿಸಿ, ಬಾಯಿ ಬಿಟ್ಟು, ನಿಧಾನವಾಗಿ ತಿರುಗಿ ಹೋಯಿತು.

"ಗಾಳ?" ಅಂದರು ಬಾವ.

"ಹಾರ್ಲಿಕ್ಸ್ ಬಾಟಲೀಲಿ."

ಬಾವ ಹೆಲ್ಮೆಟ್ ತೆಗೆದರು, ತಲೆ ಕೆರೆದುಕೊಂಡರು, ಮತ್ತೆ ಹಾಕಿಕೊಂಡರು. ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ, ಮನೆಗೆ ಬಂದ ಮೇಲೆ ಅಕ್ಕನಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದರು.

ಇಲಿಯ ಎರಡೂ ಬದಿ ಸಾಲಾಗಿ ಹಲ್ಲಿನ ಗುರುತು ಬಿದ್ದಿದೆ, ಬಣ್ಣ ಎದ್ದು ಒಳಗಿನ ಬಿಳಿ ಕಾಣುತ್ತಿದೆ. ಈಗ ಅದು ಟಿ.ವಿ. ಪಕ್ಕದಲ್ಲಿದೆ. ಮನೆಗೆ ಬಂದವರಿಗೆ ತೋರಿಸಿ, ನೋಡಿ, ಎಂಥ ಮೀನು ಕಚ್ಚಿದ್ದು ಅಂತ ನಾನು ಶುರು ಮಾಡುತ್ತೇನೆ. ಅಮ್ಮ ಒಳಗಿನಿಂದಲೇ ಕೂಗಿ ಹೇಳುತ್ತಾರೆ. "ಮೀನೂ ಇಲ್ಲ, ಎಂಥದೂ ಇಲ್ಲ. ಅದು ಇಲಿ ಕಚ್ಚಿದ್ದು."