ಸ್ಟಿಕ್ ಎಂದರೆ ಕೋಲು ಮಾತ್ರವಂತೆ!

ತಂಗಿಯ ಮಗಳ ಇಂಗ್ಲಿಷ್ ನೋಟ್‌ಬುಕ್ ನೋಡಿದಾಗಿನಿಂದ ತಲೆ ಕಾದಿದೆ. 'ಸ್ಟಿಕ್' ಎಂಬ ಪದದ ಮುಂದೆ ಹುಡುಗಿ ದುಂಡು ಅಕ್ಷರದಲ್ಲಿ 'ಅಂಟಿಸು' ಎಂದು ಬರೆದಿದ್ದಾಳೆ. ಅದರ ಮೇಲೆ ಕೆಂಪು ಶಾಯಿಯ ಗೀಟು, ಪಕ್ಕದಲ್ಲಿ 'ಕೋಲು'. ಅರ್ಧ ಅಂಕ ಖೋತಾ. ಒಂದು ಪದಕ್ಕೆ ಒಂದೇ ಅರ್ಥ ಎಂದು ಯಾವ ಪುಣ್ಯಾತ್ಮರು ಕಟ್ಟಳೆ ಮಾಡಿದರೋ!

ಹಾಗೆ ನೋಡಿದರೆ ಆ ಕ್ರಿಯಾಪದ ಹುಟ್ಟಿದ್ದು ಅಂಟಿನ ಡಬ್ಬಿಯಲ್ಲೂ ಅಲ್ಲ. ಹಳೆಯ ಇಂಗ್ಲಿಷಿನ 'ಸ್ಟಿಕಿಯನ್' ಎಂದರೆ ಮೊದಲಿಗೆ ಚುಚ್ಚು, ಇರಿ. ಚುಚ್ಚಿದ್ದು ಹೊರಗೆ ಬಾರದೆ ಅಲ್ಲೇ ನಿಂತರೆ ಕಚ್ಚಿಕೊಂಡಿತು ಎಂದರ್ಥ; ಕಚ್ಚಿಕೊಂಡದ್ದು ಅಂಟಿಕೊಂಡದ್ದಾಗಲು ಎಷ್ಟು ಹೊತ್ತು? ಚುಚ್ಚಲು ಬಳಸುವ ಕಡ್ಡಿ, ಕೋಲು ಕೂಡ ಅದೇ ಬೇರಿನವು. ನಮ್ಮ 'ನಾಟು' ಇದಕ್ಕೆ ಹತ್ತಿರದ ಜಾಡಿನಲ್ಲೇ ನಡೆದಿದೆಯಲ್ಲ! ಬಾಣ ಎದೆಗೆ ನಾಟುತ್ತದೆ, ಗದ್ದೆಯಲ್ಲಿ ಸಸಿ ನಾಟುತ್ತೇವೆ, ಅತ್ತೆಯ ಒಂದು ಮಾತು ಇಪ್ಪತ್ತು ವರ್ಷವಾದರೂ ಮನಸ್ಸಿಗೆ ನಾಟಿಕೊಂಡೇ ಇರುತ್ತದೆ. ಇದನ್ನು ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ.

ಹೊಲಿಗೆಯ 'ಸ್ಟಿಚ್' ಈ ಪದದ ಒಡಹುಟ್ಟು. ಸೂಜಿ ಚುಚ್ಚದೆ ಹೊಲಿಗೆ ಎಲ್ಲಿಯದು? ಬಸ್ಸಿನಲ್ಲಿ ಕಂಡಕ್ಟರ್ ಹರಿದುಕೊಡುವ ಟಿಕೆಟ್ಟೂ ನೆಂಟನೇ. ಹಳೆಯ ಫ್ರೆಂಚಿನಲ್ಲಿ ಸಿಕ್ಕಿಸಿದ, ಅಂಟಿಸಿದ ಚೀಟಿಗಿದ್ದ ಹೆಸರಿನಿಂದ ಅದು ಬಂತು. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ 'ತಿಜ್' ಧಾತುವೂ ದೂರದ ನೆಂಟನೇ, ಹರಿತ ಮಾಡು ಎಂಬ ಅರ್ಥದ್ದು. ನಾವು ದಿನವೂ ಆಡುವ ತೀಕ್ಷ್ಣ, ತೇಜಸ್ಸು ಆ ಮನೆಯವೇ. ಕೆಂಪು ಶಾಯಿಯ ಕೈಗೆ ಆ ತೀಕ್ಷ್ಣತೆ ಇದೆ, ತೇಜಸ್ಸಿನ ಮಾತು ಬೇಡ.

"ಮೂರನೇ ತರಗತಿಯ ಮಗುವಿಗೆ ಇಷ್ಟೆಲ್ಲ ಬೇಕೇನೋ ಅಣ್ಣ?" ಎಂದಳು ತಂಗಿ. ಬೇಡ ತಾಯಿ, ಖಂಡಿತ ಬೇಡ. ಐವತ್ತು ನೋಟ್‌ಬುಕ್ ತಿದ್ದುವವರ ಕಷ್ಟವೂ ನನಗೆ ಗೊತ್ತು. ಆದರೆ ಸರಿಯಾದ ಉತ್ತರಕ್ಕೆ ಗೀಟು ಹಾಕಲು ಸಮಯ ಸಿಕ್ಕಿತಲ್ಲ! ಅದೇ ಕೈಯಲ್ಲಿ 'ಕೋಲು ಎಂದೂ ಅರ್ಥವಿದೆ' ಎಂದು ಬರೆದಿದ್ದರೆ ಪೆನ್ನು ಸವೆಯುತ್ತಿತ್ತೇ?

ಇಷ್ಟು ಕೂಗಾಡುವುದಕ್ಕೆ ಕಾರಣವಿದೆ, ಹೇಳಿಬಿಡುತ್ತೇನೆ. ಅನುವಾದದ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಪತ್ತೇದಾರಿ ಕಥೆಯಲ್ಲಿ ಇದೇ ಕ್ರಿಯಾಪದ ಬಂದಾಗ ನಾನು ಬರೆದದ್ದು: "ಅವನು ಶತ್ರುವಿನ ಬೆನ್ನಿಗೆ ಚಾಕು ಅಂಟಿಸಿದನು." ಅಚ್ಚಿಗೆ ಹೋಗುವ ಮುನ್ನ ಕರಡು ನೋಡಿದ ಹಿರಿಯರು, "ಗೋಂದಿನಿಂದಲೋ, ಮೈದಾ ಹಿಟ್ಟಿನಿಂದಲೋ?" ಎಂದು ಕೇಳಿದರು. ನಾನೂ ಒಂದು ಪದಕ್ಕೆ ಒಂದೇ ಅರ್ಥ ಉರುಹೊಡೆದ ಶಾಲೆಯ ಕೂಸೇ ತಾನೆ.

ಹುಡುಗಿಗೆ ಇದರ ಚಿಂತೆಯೇ ಇಲ್ಲ. ಕೆಂಪು ಗೀಟಿನ ಮೇಲೆ ಚಿಟ್ಟೆಯ ಸ್ಟಿಕ್ಕರ್ ಅಂಟಿಸಿ ಆಡಲು ಓಡಿದ್ದಾಳೆ. ನಾನು ನೋಟ್‌ಬುಕ್ ಹಿಡಿದು ಇನ್ನೂ ಇಲ್ಲೇ ಕುಳಿತಿದ್ದೇನೆ.